ಸ್ಕೆಚ್‌ಬುಕ್ಕಿನ ಮೇಕೆಯನ್ನು ಚಿತ್ರಪುಸ್ತಕಕ್ಕೆ ಕರೆತರುವುದು ಹೇಗೆ

ನಿಮ್ಮ ಸ್ಕೆಚ್‌ಬುಕ್ಕಿನಲ್ಲಿ ಒಂದು ಮೇಕೆ ಇದೆ ಅಂದುಕೊಳ್ಳಿ. ಚೆನ್ನಾಗಿಯೇ ಬಂದಿದೆ. ಕೂದಲು, ಕೊಂಬಿನ ಮೇಲಿನ ಗೀರು, ಕಾಲಿನ ಗಂಟು ಎಲ್ಲ ಇವೆ. ನೋಡಿದವರು "ಫೋಟೋ ಥರಾನೇ ಇದೆ" ಅಂತ ಹೊಗಳಿದ್ದಾರೆ. ಈಗ ಅದೇ ಮೇಕೆ ಮಕ್ಕಳ ಚಿತ್ರಪುಸ್ತಕದಲ್ಲಿ ಪಾತ್ರ ಆಗಬೇಕು. ನಗಬೇಕು, ಮುನಿಸಿಕೊಳ್ಳಬೇಕು, ಏಣಿ ಹತ್ತಬೇಕು, ಧೊಪ್ಪಂತ ಬೀಳಬೇಕು. ಯಾವ ಪುಟ ತೆರೆದರೂ ಅದೇ ಮೇಕೆ ಅನ್ನಿಸಬೇಕು.

ಇಲ್ಲಿ ಬಹಳ ಜನ ಸ್ಕೆಚ್‌ಬುಕ್ ಮುಚ್ಚಿಡುತ್ತಾರೆ. ಹೊಸ ಹಾಳೆ ತೆಗೆದು ಒಂದು ದುಂಡು ತಲೆ, ಎರಡು ದೊಡ್ಡ ಕಣ್ಣು, ಪುಟ್ಟ ಬಾಯಿ ಬರೆದು ಮೇಲೆ ಎರಡು ಕೊಂಬು ಸಿಕ್ಕಿಸುತ್ತಾರೆ. ಮುದ್ದಾಗಿಯೇ ಇರುತ್ತದೆ. ಆದರೆ ಕೊಂಬು ಅಳಿಸಿದರೆ ಬೆಕ್ಕು, ಕಿವಿ ಎಳೆದರೆ ಮೊಲ. ನಾನೂ ಸುಮಾರು ದಿನ ಹೀಗೇ ಮಾಡಿದ್ದೇನೆ. ಈಗ ನನ್ನ ಪದ್ಧತಿ ಬೇರೆ. ಪ್ರಾಣಿಯ ಬಗ್ಗೆ ಒಂದೇ ಒಂದು ದೊಡ್ಡ ಸುಳ್ಳು ಹೇಳುತ್ತೇನೆ, ಮಿಕ್ಕಿದ್ದರಲ್ಲಿ ಆದಷ್ಟು ನಿಜ ಇಟ್ಟುಕೊಳ್ಳುತ್ತೇನೆ. ಆ ಸುಳ್ಳು ಯಾವುದು ಅನ್ನುವುದು ಸ್ಕೆಚ್‌ಬುಕ್ಕಿನಲ್ಲೇ ಸಿಗುತ್ತದೆ. ಹಾಗಾಗಿ ಅದು ತೆರೆದೇ ಇರಲಿ.

ಮೇಕೆಯನ್ನೇ ಇಟ್ಟುಕೊಂಡು ಹಂತ ಹಂತವಾಗಿ ನೋಡೋಣ. ನಿಮ್ಮದು ಕರಡಿಯೋ ಕಾಗೆಯೋ ಆಗಿದ್ದರೂ ದಾರಿ ಇದೇ.

ಹಂತ 1: ಹತ್ತು ಗೀಚು ಚಿತ್ರ, ನಾಲ್ಕು ಸಾಲು ಟಿಪ್ಪಣಿ

ನೀಟಾಗಿ ಮುಗಿಸಿದ ಒಂದೇ ಸ್ಕೆಚ್‌ನಿಂದ ಪಾತ್ರ ಹುಟ್ಟುವುದು ಕಷ್ಟ. ಅದರಲ್ಲಿ ಪ್ರಾಣಿ ಫೋಟೋಗೆ ನಿಂತ ಹಾಗೆ ಸುಮ್ಮನೆ ನಿಂತಿರುತ್ತದೆ. ಮೇಯುವಾಗ, ಮಲಗುವಾಗ, ಮೈ ತುರಿಸಿಕೊಳ್ಳುವಾಗ, ಬೆದರಿದಾಗ ಅದು ಹೇಗಿರುತ್ತದೆ ಅನ್ನುವುದು ನಮಗೆ ಬೇಕು. ಒಂದೊಂದಕ್ಕೆ 30 ಸೆಕೆಂಡಿನಿಂದ 2 ನಿಮಿಷ ಸಾಕು. 2ಬಿ ಅಥವಾ 4ಬಿ ಪೆನ್ಸಿಲ್ ಹಿಡಿಯಿರಿ, ರಬ್ಬರ್ ಮುಟ್ಟಬೇಡಿ. ಎದುರಿಗೆ ಪ್ರಾಣಿ ಇಲ್ಲದಿದ್ದರೆ ವಿಡಿಯೋ ಹಾಕಿಕೊಳ್ಳಿ. ಆದರೆ ಅದನ್ನು ನಿಲ್ಲಿಸದೆ, ಓಡುತ್ತಿರುವಾಗಲೇ ಬರೆಯಿರಿ. ನಿಲ್ಲಿಸಿದಿರೋ, ಮತ್ತೆ ಫೋಟೋ ನಕಲು ಶುರುವಾಗುತ್ತದೆ.

ಗೀಚಿದ್ದರ ಪಕ್ಕದಲ್ಲಿ ಮಾತಿನಲ್ಲೂ ಬರೆದುಕೊಳ್ಳಿ. ನನ್ನ ಮೇಕೆ ಪುಟದ ಅಂಚಿನಲ್ಲಿ ಇದ್ದದ್ದು ಇಷ್ಟು: "ಬಾಲ ಮೇಲಕ್ಕೆ. ಮೇಲ್ದುಟಿ ಬೆರಳಿನ ಹಾಗೆ ಕೆಲಸ ಮಾಡುತ್ತದೆ. ಒಂದು ಕಿವಿ ಒಂದು ಕಡೆ, ಇನ್ನೊಂದು ಇನ್ನೊಂದು ಕಡೆ. ಕೆಳಗೆ ರಾಶಿ ಬಿದ್ದಿದ್ದರೂ ಮೇಲಿರುವುದೇ ಬೇಕು."

ಆ ಕೊನೆಯ ಸಾಲು ನೋಡಿ. ಕುರಿ ಹೆಚ್ಚಾಗಿ ತಲೆ ಬಗ್ಗಿಸಿ ನೆಲದ ಹುಲ್ಲು ಮೇಯುತ್ತದೆ. ಮೇಕೆಗೆ ಚಿಗುರು, ಎಲೆ, ಪೊದೆ ಇಷ್ಟ. ಎಟುಕದಿದ್ದರೆ ಮುಂಗಾಲನ್ನು ಮರಕ್ಕೆ ಕೊಟ್ಟು ಹಿಂಗಾಲ ಮೇಲೆ ನೆಟ್ಟಗೆ ನಿಂತುಬಿಡುತ್ತದೆ. ಆಡು ಮುಟ್ಟದ ಸೊಪ್ಪಿಲ್ಲ ಅಂತ ಗಾದೆ ಕಟ್ಟಿದವರು ಇದನ್ನೆಲ್ಲ ನಮಗಿಂತ ಚೆನ್ನಾಗಿ ನೋಡಿದ್ದರು. ಪಾತ್ರದ ಸ್ವಭಾವ ಇಲ್ಲೇ ಸಿಕ್ಕಿಬಿಟ್ಟಿತು ಅಲ್ವಾ? ಎಟುಕದ್ದೇ ಬೇಕು ಅಂತ ಹಟ ಹಿಡಿಯುವ ಮರಿ. ಕಥೆ ಬೇರೆಯವರು ಬರೆದುಕೊಟ್ಟದ್ದಾದರೂ ನಿಮ್ಮ ಪ್ರಾಣಿಗೆ ಹೀಗೊಂದು ಸಾಲು ಹುಡುಕಿಟ್ಟುಕೊಳ್ಳಿ. ಮುಂದೆ ಕತ್ತು ಎಷ್ಟುದ್ದ, ಕಣ್ಣು ಎಲ್ಲಿ ಅಂತ ತಲೆ ಕೆಡಿಸಿಕೊಳ್ಳುವಾಗೆಲ್ಲ ಅದು ಕೆಲಸಕ್ಕೆ ಬರುತ್ತದೆ.

ಹಂತ 2: ಮೂಳೆ ಎಲ್ಲಿ ಮಡಚುತ್ತದೆ

ಇದು ಬೇಸರದ ಹಂತ. ಎಲ್ಲರೂ ಹಾರಿಸುವುದೂ ಇದನ್ನೇ. ದಯವಿಟ್ಟು ಹಾರಿಸಬೇಡಿ.

ಮೇಕೆಯ ಹಿಂಗಾಲಿನಲ್ಲಿ ಮಂಡಿ ಹಿಂದುಮುಂದಾಗಿ ಮಡಚಿದ ಹಾಗೆ ಕಾಣುತ್ತದೆ. ಅದು ಮಂಡಿಯೇ ಅಲ್ಲ, ಹಿಮ್ಮಡಿ. ನಿಜವಾದ ಮಂಡಿ ಇನ್ನೂ ಮೇಲೆ, ಹೊಟ್ಟೆಯ ಪಕ್ಕದಲ್ಲಿ ಅರ್ಧ ಅಡಗಿಕೊಂಡಿರುತ್ತದೆ. ಅದು ನಮ್ಮ ಮಂಡಿಯ ಹಾಗೆ ಮುಂದಕ್ಕೇ ಇರುತ್ತದೆ. ಮುಂಗಾಲಿನಲ್ಲಿ ಮಂಡಿ ಅನ್ನಿಸುವುದು ನಮ್ಮ ಮಣಿಕಟ್ಟು. ಮೊಣಕೈ ಎದೆಗೆ ಅಂಟಿಕೊಂಡು ಮೇಲಿದೆ. ಅಂದರೆ ಕೀಲುಗಳು ಹೆಚ್ಚುಕಡಿಮೆ ನಮ್ಮವೇ. ಮೂಳೆಯ ಉದ್ದ ಬೇರೆ, ನೆಲ ಮುಟ್ಟುವ ಜಾಗ ಬೇರೆ. ಕರಡಿ ನಮ್ಮ ಹಾಗೆ ಇಡೀ ಪಾದ ಊರುತ್ತದೆ. ನಾಯಿ, ಬೆಕ್ಕು ಬೆರಳ ಮೇಲೆ ನಡೆಯುತ್ತವೆ. ಮೇಕೆ, ಜಿಂಕೆ, ಕುದುರೆ ಬೆರಳಿನ ತುದಿಯ ಮೇಲೇ ನಿಂತಿವೆ. ಗೊರಸು ಅಂದರೆ ಉಗುರೇ. ಹಕ್ಕಿಯ ಕಾಲಲ್ಲಿ ಹಿಂದಕ್ಕೆ ಮಡಚಿ ಕಾಣುವುದೂ ಹಿಮ್ಮಡಿಯ ಕೀಲು. ಮಂಡಿ ಪುಕ್ಕದ ಒಳಗಿರುತ್ತದೆ.

ಈಗ ನಿಮ್ಮ ಸ್ಕೆಚ್ ಮೇಲೆ ಟ್ರೇಸಿಂಗ್ ಪೇಪರ್ ಇಟ್ಟು ಕೆಂಪು ಪೆನ್ಸಿಲ್‌ನಿಂದ ಚುಕ್ಕಿ ಇಡಿ. ಭುಜ, ಮೊಣಕೈ, ಮಣಿಕಟ್ಟು. ಸೊಂಟ, ಮಂಡಿ, ಹಿಮ್ಮಡಿ. ಚುಕ್ಕಿಗಳನ್ನು ಗೆರೆಯಿಂದ ಸೇರಿಸಿ. ಈ ಕಡ್ಡಿ ಮೇಕೆ ಮುಂದೆ ನಿಮ್ಮ ಪಾತ್ರದ ಹೊಟ್ಟೆಯೊಳಗೆ ಇರುತ್ತದೆ, ಮೇಲೆ ಎಂಥ ದುಂಡು ಮೈ ಹೊದಿಸಿದರೂ ಸರಿ.

ಯಾಕೆ ಇಷ್ಟು ರಗಳೆ? ಪಾತ್ರ ಎದ್ದು ನಿಂತಾಗ ಕಾಲು ಏನಾಗುತ್ತದೆ ಅಂತ ನೀವು ತೀರ್ಮಾನ ಮಾಡಬೇಕು. ಕಾಲನ್ನು ಪ್ರಾಣಿಯ ಕಾಲಾಗಿಯೇ ಉಳಿಸಿ ಬೆನ್ನನ್ನಷ್ಟೇ ಎತ್ತಬಹುದು. ಹಿಮ್ಮಡಿಯನ್ನು ನೆಲಕ್ಕೆ ಇಳಿಸಿ ಮನುಷ್ಯರ ಕಾಲು ಮಾಡಬಹುದು. ಇಲ್ಲವೇ ಕೀಲಿನ ಗೊಡವೆಯೇ ಬೇಡ ಅಂತ ಎರಡು ಕಡ್ಡಿ ಇಳಿಬಿಡಬಹುದು. ಮೂರೂ ಸರಿಯೇ. ತಪ್ಪಾಗುವುದು ಬೆರೆಸಿದಾಗ. ನಾಲ್ಕನೇ ಪುಟದಲ್ಲಿ ಗೊರಸಿನ ಮೇಲೆ ನಿಂತ ಮೇಕೆ, ಒಂಬತ್ತನೇ ಪುಟದಲ್ಲಿ ನಮ್ಮ ಹಾಗೆ ಮಂಡಿ ಮಡಚಿ ಕುರ್ಚಿಯಲ್ಲಿ ಕೂತರೆ, ಒಳಗೆ ಬೇರೆ ಯಾರೋ ವೇಷ ಹಾಕಿಕೊಂಡಿದ್ದಾರೆ ಅನ್ನಿಸುತ್ತದೆ. ನಾನು ಮೊದಲನೆಯದನ್ನು ಆರಿಸಿಕೊಂಡೆ. ಮೇಕೆ ಹೇಗೂ ಹಿಂಗಾಲ ಮೇಲೆ ನಿಲ್ಲುವ ಪ್ರಾಣಿ. ನನ್ನ ಒಂದು ಸುಳ್ಳನ್ನು ಇಲ್ಲಿ ಖರ್ಚು ಮಾಡುವ ಅಗತ್ಯ ಬೀಳಲಿಲ್ಲ.

ಹಂತ 3: ಗೆರೆ ಕಳೆಯುತ್ತಾ ಹೋಗಿ

1945ರ ಡಿಸೆಂಬರ್‌ನಿಂದ 1946ರ ಜನವರಿಯ ನಡುವೆ ಚಿತ್ರಕಾರ ಪಿಕಾಸೊ ಒಂದೇ ಗೂಳಿಯನ್ನು ಕಲ್ಲಚ್ಚಿನಲ್ಲಿ, ಅಂದರೆ ಕಲ್ಲಿನ ಮೇಲೆ ಬರೆದು ಕಾಗದಕ್ಕೆ ಅಚ್ಚು ತೆಗೆಯುವ ವಿಧಾನದಲ್ಲಿ, 11 ಹಂತಗಳಲ್ಲಿ ತೆಗೆದರು. ಶುರುವಿನಲ್ಲಿ ನಿಜವಾದ ಗೂಳಿ. ಕೊನೆಯದರಲ್ಲಿ ಬರೀ ಕೆಲವು ಗೆರೆ, ಆದರೂ ಗೂಳಿಯೇ. ಎಲ್ಲರೂ ಕೊನೆಯ ಚಿತ್ರವನ್ನು ತೋರಿಸಿ "ಎಷ್ಟು ಸರಳ" ಅನ್ನುತ್ತಾರೆ. ನನಗೆ ಇಷ್ಟವಾಗುವುದು ಎರಡನೆಯದು. ಅಲ್ಲಿ ಗೂಳಿ ಸರಳವಾಗಿಲ್ಲ, ಇನ್ನೂ ಭಾರಿಯಾಗಿದೆ, ಇನ್ನೂ ಕಪ್ಪಾಗಿದೆ. ಕಳೆಯುವುದಕ್ಕೆ ಮುಂಚೆ ಗೂಳಿಯ ಗೂಳಿತನ ಎಲ್ಲಿದೆ ಅಂತ ಒತ್ತಿ ನೋಡಿದ ಹಾಗಿದೆ.

ನಾವು 11 ಮಾಡಬೇಕಿಲ್ಲ, ಐದು ಸಾಕು. ಐದು ಟ್ರೇಸಿಂಗ್ ಹಾಳೆ ತೆಗೆದುಕೊಳ್ಳಿ. ಕಂಪ್ಯೂಟರಿನಲ್ಲಾದರೆ ಐದು ಲೇಯರ್. ಮೊದಲ ಹಾಳೆಯಲ್ಲಿ ಸ್ಕೆಚ್ ಅನ್ನು ಸುಮಾರು 40 ಗೆರೆಯಲ್ಲಿ ಎತ್ತಿಕೊಳ್ಳಿ. ಎರಡನೆಯದನ್ನು ಮೊದಲನೆಯದರ ಮೇಲಿಟ್ಟು 25 ಗೆರೆ. ಆಮೇಲೆ 15, ಆಮೇಲೆ 10, ಕೊನೆಗೆ 6. ಗೆರೆ ಎಣಿಸುವುದು ಹುಚ್ಚಾಟ ಅನ್ನಿಸಬಹುದು. ಎಣಿಸದಿದ್ದರೆ ನಾವು ಇಷ್ಟವಾದ ಗೆರೆಯನ್ನೆಲ್ಲ ಉಳಿಸಿಕೊಂಡುಬಿಡುತ್ತೇವೆ. ಐದೂ ಮುಗಿದ ಮೇಲೆ ಮೂಲ ಸ್ಕೆಚ್ ಪಕ್ಕದಲ್ಲಿ ಸಾಲಾಗಿ ಇಟ್ಟು, ಯಾವ ಹಾಳೆಯಲ್ಲಿ ಪ್ರಾಣಿ ತಪ್ಪಿಹೋಯಿತು ಅಂತ ನೋಡಿ. ಅದರ ಹಿಂದಿನ ಹಾಳೆಗೂ ಇದಕ್ಕೂ ಏನು ವ್ಯತ್ಯಾಸವೋ, ಅದೇ ನೀವು ಯಾವತ್ತೂ ಅಳಿಸಬಾರದ್ದು.

ನನ್ನ ನಾಲ್ಕನೇ ಹಾಳೆಯಲ್ಲಿ ಹೀಗಾಯಿತು. ಕೊಂಬು ಇತ್ತು, ನಾಲ್ಕು ಕಾಲಿತ್ತು, ಬೆನ್ನಿನಿಂದ ಬಾಲದವರೆಗೆ ಒಂದೇ ಗೆರೆ ಎಳೆದಿದ್ದೆ. ಆ ಗೆರೆ ಚೆನ್ನಾಗಿ ಹರಿಯಲಿ ಅಂತ ಬಾಲ ಕೆಳಗೆ ಇಳಿಸಿದ್ದೆ, ಗಲ್ಲದ ಗಡ್ಡವನ್ನೂ ನುಣುಪು ಮಾಡಿದ್ದೆ. ಪಕ್ಕದ ಮನೆಯ ಆರು ವರ್ಷದ ಹುಡುಗಿಗೆ ತೋರಿಸಿದೆ. "ಕುರಿ" ಅಂದಳು. ಕೊಂಬು ತೋರಿಸಿದೆ. "ಕೊಂಬಿರೋ ಕುರಿ" ಅಂದಳು. ಅವಳು ಹೇಳಿದ್ದು ಸರಿ. ಕೊಂಬಿರುವ ಕುರಿಗಳೂ ಉಂಟು, ಆದರೆ ಕುರಿಯ ಬಾಲ ಇಳಿಬಿದ್ದಿರುತ್ತದೆ. ಐದನೇ ಹಾಳೆಯಲ್ಲಿ ಕೊಂಬು ಪೂರ್ತಿ ತೆಗೆದು, ಚಿಟುಕು ಬಾಲ ಮೇಲಕ್ಕೆತ್ತಿ, ಗಡ್ಡಕ್ಕೆ ಎರಡು ಗೆರೆ ಕೊಟ್ಟೆ. ತಕ್ಷಣ "ಮೇಕೆ" ಅಂದಳು. ಮೇಕೆಗೆ ಕೊಂಬೇ ಮುಖ್ಯ ಅಂತ ನಾನು ಅಷ್ಟು ದಿನ ನಂಬಿದ್ದೆ.

ಹಂತ 4: ದುಂಡು, ಚೌಕ, ಮೊನೆ

ಇದನ್ನು ಎಲ್ಲ ಕಡೆ ಹೇಳಿಕೊಡುತ್ತಾರೆ, ಬೇಗ ಮುಗಿಸೋಣ. ದುಂಡು ಆಕಾರ ಮೆತ್ತಗೆ, ಚೌಕ ಗಟ್ಟಿ, ಮೊನೆ ಚುರುಕು ಅಥವಾ ಅಪಾಯ ಅಂತ ಕಣ್ಣು ಓದುತ್ತದೆ. ಪಾತ್ರದ ಮೈಗೆ ಒಂದು ಮುಖ್ಯ ಆಕಾರ ಆರಿಸಿ, ಅದನ್ನೇ ಸಣ್ಣದಾಗಿ ಬೇರೆ ಕಡೆಯೂ ಬಳಸಿ. ನನ್ನ ಮೇಕೆಯ ಮೈ ಒಂದು ಹುರುಳಿಕಾಯಿಯ ಹಾಗೆ ಬಾಗಿದೆ, ಕಿವಿಯೂ ಅದೇ ಬಾಗು. ಒಂದು ಎಚ್ಚರಿಕೆ: ತೋಳ ಅಂದರೆ ಬರೀ ಮೊನೆ, ಕರಡಿ ಅಂದರೆ ಬರೀ ದುಂಡು ಅಂತ ಹೊರಟರೆ ಈಗಾಗಲೇ ಇರುವ ನೂರು ತೋಳಗಳ ಜೊತೆ ನೂರೊಂದನೆಯದು ಸೇರುತ್ತದೆ. ನಿಮ್ಮ ಗೀಚಿನಲ್ಲಿ ಯಾವ ಆಕಾರ ಪದೇ ಪದೇ ಬಂದಿದೆಯೋ ಅದನ್ನು ಎತ್ತಿಕೊಳ್ಳಿ.

ಹಂತ 5: ಆ ಒಂದು ಸುಳ್ಳು

ಮುದ್ದು ಅನ್ನಿಸುವುದಕ್ಕೆ ಒಂದು ಸಿದ್ಧ ಸೂತ್ರ ಇದೆ. ಪ್ರಾಣಿಗಳ ನಡವಳಿಕೆ ಅಧ್ಯಯನ ಮಾಡುತ್ತಿದ್ದ ಕೊನ್ರಾಡ್ ಲೊರೆನ್ಸ್ 1943ರಲ್ಲಿ ಅದನ್ನು ವಿವರಿಸಿದರು. ಮೈಗಿಂತ ದೊಡ್ಡದೆನ್ನಿಸುವ ತಲೆ, ಎತ್ತರದ ಹಣೆ, ಮುಖದಲ್ಲಿ ಕೆಳಗಿರುವ ದೊಡ್ಡ ಕಣ್ಣು, ಉಬ್ಬಿದ ಕೆನ್ನೆ, ಗಿಡ್ಡ ದಪ್ಪ ಕೈಕಾಲು. ಹಸುಗೂಸಿನ ಈ ಲಕ್ಷಣ ಕಂಡರೆ ನಮ್ಮ ಮನಸ್ಸು ಕರಗುತ್ತದೆ. ದೊಡ್ಡವರ ಎತ್ತರ ಅವರ ತಲೆಯ ಸುಮಾರು ಏಳೂವರೆ ಪಟ್ಟು ಇರುತ್ತದೆ. ಚಿತ್ರಪುಸ್ತಕದ ಎಷ್ಟೋ ಪಾತ್ರಗಳು ಎರಡು ಮೂರು ತಲೆಯಷ್ಟೇ ಎತ್ತರ ಇರುವುದು ಇದೇ ಕಾರಣಕ್ಕೆ.

ಸೂತ್ರ ಕೆಲಸ ಮಾಡುತ್ತದೆ, ಸುಳ್ಳಲ್ಲ. ಆದರೆ ಮೇಕೆಗೆ ಅದನ್ನು ಹಾಗೇ ಅನ್ವಯಿಸಿ ನೋಡಿ, ನಾಯಿಮರಿ ಬರುತ್ತದೆ. ಯಾಕೆ ಅಂದರೆ ಮೇಕೆಮರಿಯ ಮರಿತನ ಗಿಡ್ಡ ಕಾಲಿನಲ್ಲಿ ಇಲ್ಲವೇ ಇಲ್ಲ. ಆಗ ತಾನೇ ಹುಟ್ಟಿದ ಮರಿಗೆ ಮೈಗಿಂತ ಕಾಲೇ ಜಾಸ್ತಿ. ಯಾವ ಕಾಲು ಎಲ್ಲಿಡಬೇಕು ಅಂತ ಗೊತ್ತಾಗದೆ ನಾಲ್ಕು ದಿಕ್ಕಿಗೆ ಚಾಚಿಕೊಂಡು ನಿಲ್ಲುತ್ತದೆ. ಕರು, ಕುದುರೆಮರಿ, ಜಿಂಕೆಮರಿ ಎಲ್ಲವೂ ಹೀಗೇ. ಹುಟ್ಟಿ ಸ್ವಲ್ಪ ಹೊತ್ತಿಗೆಲ್ಲ ಎದ್ದು ತಾಯಿಯ ಹಿಂದೆ ಹೆಜ್ಜೆ ಹಾಕಬೇಕಾದ ಪ್ರಾಣಿಗಳಲ್ವಾ. ಹಾಗಾಗಿ ಸೂತ್ರದಿಂದ ತಲೆ ಮತ್ತು ಹಣೆ ತೆಗೆದುಕೊಂಡೆ, ಕಾಲನ್ನು ಸ್ಕೆಚ್‌ಬುಕ್ಕಿನಿಂದ ತೆಗೆದುಕೊಂಡೆ. ನಿಮ್ಮ ಪ್ರಾಣಿಯ ಮರಿಯನ್ನು ಒಮ್ಮೆ ಸರಿಯಾಗಿ ನೋಡಿಕೊಂಡು ಆಮೇಲೆ ಸೂತ್ರ ಬಳಸಿ.

ಇನ್ನು ಸುಳ್ಳು. ಮೊದಲ ಹಂತದಲ್ಲಿ ಬರೆದಿಟ್ಟ ಸಾಲು ನೆನಪು ಮಾಡಿಕೊಳ್ಳಿ: ಎಟುಕದ್ದೇ ಬೇಕು. ಅದಕ್ಕೆ ಮೇಕೆಯ ಮೈಯಲ್ಲಿ ಯಾವ ಭಾಗ ದುಡಿಯುತ್ತದೆ? ಕತ್ತು. ಹಾಗಾಗಿ ನನ್ನ ಮೇಕೆಯ ಕತ್ತು ಆಸೆಯಾದಾಗ ಉದ್ದವಾಗುತ್ತದೆ. ಸುಮ್ಮನಿದ್ದಾಗ ಮಾಮೂಲಿ ಕತ್ತು, ಏನಾದರೂ ಕಣ್ಣಿಗೆ ಬಿದ್ದರೆ ಎರಡು ಪಟ್ಟು. ನಿಜವಾದ ಮೇಕೆಗೆ ಇದು ಸಾಧ್ಯವಿಲ್ಲ ಅಂತ ಮಕ್ಕಳಿಗೂ ಗೊತ್ತು, ಆದರೂ ಒಪ್ಪುತ್ತಾರೆ.

ಎಷ್ಟು ಉದ್ದ ಅನ್ನುವುದಕ್ಕೆ ಮೂರು ಚಿತ್ರ ಬರೆದು ನೋಡಿ: ನೂರಕ್ಕೆ ಹತ್ತು ಹೆಚ್ಚು, ಐವತ್ತು ಹೆಚ್ಚು, ನೂರು ಹೆಚ್ಚು. ಹತ್ತು ಹೆಚ್ಚಾದದ್ದು ಬರೆಯಲು ಬಾರದವರು ಬರೆದ ಹಾಗೆ ಕಾಣುತ್ತದೆ. ಅಳುಕುತ್ತಾ ಹೇಳಿದ ಸುಳ್ಳು ಬೇಗ ಸಿಕ್ಕಿಬೀಳುತ್ತದೆ. ಹೆಚ್ಚಿನ ಸಲ ಎರಡನೆಯದಕ್ಕೂ ಮೂರನೆಯದಕ್ಕೂ ನಡುವೆ ಎಲ್ಲೋ ಸರಿಹೋಗುತ್ತದೆ.

ಹಂತ 6: ಮುಖ

ಅತಿ ಹೆಚ್ಚು ಹಾಳೆ ಹರಿಯುವುದು ಇಲ್ಲೇ. ಮುಖ್ಯ ಕಾರಣ ಮೂತಿ.

ಪಕ್ಕದಿಂದ ನೋಡಿದಾಗ ಮೇಕೆಯ ಮೂತಿ ಚೆಂದ. ಹಣೆಯಿಂದ ಮೂಗಿಗೆ ಒಂದು ಇಳಿಜಾರು, ಕೆಳಗೆ ಗಡ್ಡ. ಎದುರಿನಿಂದ ನೋಡಿದರೆ ಆ ಉದ್ದವೆಲ್ಲ ನಿಮ್ಮ ಕಡೆಗೇ ಚಾಚಿಕೊಂಡು ಮಾಯವಾಗುತ್ತದೆ. ಉಳಿಯುವುದು ಕಿರಿದಾದ ಒಂದು ತ್ರಿಕೋನ. ಅದರ ಎರಡು ಅಂಚಿಗೆ ಕಣ್ಣು. ಬೇಟೆಯಾಡುವ ಬೆಕ್ಕು, ಗೂಬೆಗಳಿಗೆ ಕಣ್ಣು ಮುಂದಕ್ಕೆ ಇರುವುದರಿಂದ ಎದುರು ಮುಖ ಸುಲಭ. ಮೇಕೆ, ಮೊಲ, ಕುದುರೆಗೆ ಸುತ್ತಲೂ ಕಾವಲು ಕಾಯಬೇಕು, ಕಣ್ಣು ಪಕ್ಕಕ್ಕಿವೆ. ಅವನ್ನು ಎಳೆದು ಮುಂದಕ್ಕೆ ಕೂರಿಸಿದ ಕೂಡಲೇ ಬೆಕ್ಕಾಗುವುದು ಇದಕ್ಕೇ.

ನಾನು ಮಾಡುವುದು ಎರಡು ಕೆಲಸ. ಒಂದು, ಪಾತ್ರವನ್ನು ಮುಕ್ಕಾಲು ತಿರುವಿನಲ್ಲೇ ಹೆಚ್ಚು ತೋರಿಸುತ್ತೇನೆ. ಒಂದು ಕಣ್ಣು ಪೂರ್ತಿ, ಇನ್ನೊಂದು ಮೂಗಿನ ಗೆರೆಯ ಆಚೆ ಇಣುಕುವಷ್ಟು. ಎರಡು, ಮೂತಿಗೆ ಮುಖದ ಬಣ್ಣಕ್ಕಿಂತ ತಿಳಿಯಾದ ಬೇರೆ ಬಣ್ಣ ಕೊಡುತ್ತೇನೆ. ಆಗ ಎದುರಿನಿಂದ ನೋಡುವಾಗ ನೆರಳು ಹಾಕದೆಯೂ ಆ ತಿಳಿ ಆಕಾರ ಮುಂದಕ್ಕೆ ಬಂದ ಹಾಗೆ ಕಾಣುತ್ತದೆ. ಪಕ್ಕದ ಮುಖದಲ್ಲೇ ಎರಡೂ ಕಣ್ಣು ಬರೆಯುವವರಿದ್ದಾರೆ. ಇಡೀ ಪುಸ್ತಕ ಕಾಗದ ಕತ್ತರಿಸಿ ಅಂಟಿಸಿದ ಹಾಗೆ ಚಪ್ಪಟೆಯಾಗಿದ್ದರೆ ಅದೂ ಚೆನ್ನಾಗಿರುತ್ತದೆ.

ಕಣ್ಣಿಗೆ ಬನ್ನಿ. ಮೇಕೆಯ ಪಾಪೆ ಅಡ್ಡಡ್ಡ ಸೀಳಿದ ಹಾಗಿರುತ್ತದೆ. ಮೇಯಲು ತಲೆ ಬಗ್ಗಿಸಿದರೂ ಕಣ್ಣುಗುಡ್ಡೆ ತಿರುಗಿ ಆ ಸೀಳು ನೆಲಕ್ಕೆ ಸಮನಾಗಿಯೇ ನಿಲ್ಲುತ್ತದೆ. ಅದ್ಭುತ ವ್ಯವಸ್ಥೆ. ಆದರೆ ದೊಡ್ಡದಾಗಿ ಹಾಗೇ ಬರೆದರೆ ಮಕ್ಕಳು ಹೆದರುತ್ತಾರೆ. ನನಗೇ ಸ್ವಲ್ಪ ಹೆದರಿಕೆಯಾಯಿತು. ದುಂಡು ಕಪ್ಪು ಚುಕ್ಕಿ ಇಟ್ಟೆ, ಮೇಕೆ ಹೋಗಿ ಬೊಂಬೆ ಬಂತು. ಕೊನೆಗೆ ಆ ಚುಕ್ಕಿಯನ್ನೇ ಅಡ್ಡ ಮಲಗಿಸಿದೆ. ಉದ್ದಿನ ಕಾಳು ಮಲಗಿದ ಹಾಗೆ ಒಂದು ಕಪ್ಪು ಅಂಡಾಕಾರ, ಅಷ್ಟೇ. ಭಯವೂ ಹೋಯಿತು, ಮೇಕೆಯೂ ಉಳಿಯಿತು. ಬೆಚ್ಚಿದಾಗ ಮಾತ್ರ ಅದು ದುಂಡಗಾಗುತ್ತದೆ. ಬೆಕ್ಕಿನ ಉದ್ದ ಪಾಪೆಗೂ ಇದೇ ಉಪಾಯ ಮಾಡಬಹುದು, ಅಂಡಾಕಾರವನ್ನು ನಿಲ್ಲಿಸಿ.

ಬರೀ ಕಪ್ಪು ಚುಕ್ಕಿಯ ಕಣ್ಣಿಟ್ಟರೆ ಒಂದು ಕಷ್ಟ ಇದೆ. ಪಾತ್ರ ಎಲ್ಲಿ ನೋಡುತ್ತಿದೆ ಅಂತ ಗೊತ್ತಾಗುವುದಿಲ್ಲ. ಮನುಷ್ಯರ ಕಣ್ಣಲ್ಲಿ ಬಿಳಿ ಎದ್ದು ಕಾಣುವುದರಿಂದ ನಮಗೆ ದೃಷ್ಟಿಯ ದಿಕ್ಕು ಥಟ್ಟನೆ ಸಿಗುತ್ತದೆ. ಹೆಚ್ಚಿನ ಪ್ರಾಣಿಗಳಲ್ಲಿ ಆ ಬಿಳಿ ಅಷ್ಟು ಕಾಣುವುದಿಲ್ಲ. ಬಿಳಿ ಸೇರಿಸಬಹುದು, ಆದರೆ ಆಗ ಮುಖ ಬೇಗ ಮನುಷ್ಯರದಾಗುತ್ತದೆ. ನಾನು ಸೇರಿಸಲಿಲ್ಲ. ಬದಲಿಗೆ ತಲೆಯನ್ನೇ ತಿರುಗಿಸುತ್ತೇನೆ, ಕಿವಿಯನ್ನು ದುಡಿಸುತ್ತೇನೆ. ಎರಡೂ ಕಿವಿ ಮುಂದಕ್ಕೆ ಅಂದರೆ ಕುತೂಹಲ. ಹಿಂದಕ್ಕೆ ಒತ್ತಿಕೊಂಡರೆ ಭಯ ಅಥವಾ ಸಿಟ್ಟು. ಒಂದು ಹಿಂದೆ ಒಂದು ಮುಂದೆ ಅಂದರೆ ಅನುಮಾನ. ಹುಬ್ಬೇ ಇಲ್ಲದ ಪ್ರಾಣಿಗೆ ಹುಬ್ಬು ಅಂಟಿಸುವುದಕ್ಕಿಂತ ಇರುವ ಕಿವಿಯನ್ನು ಬಳಸುವುದು ವಾಸಿ.

ಬಾಯಿಯ ಬಗ್ಗೆ ಒಂದೇ ಮಾತು. ಮೇಕೆಗೆ ಮೇಲೆ ಮುಂದಿನ ಹಲ್ಲು ಇರುವುದಿಲ್ಲ, ಅಲ್ಲಿ ಗಟ್ಟಿ ಒಸಡು ಇರುತ್ತದೆ. ಹಲ್ಲು ಕಿರಿಯುವ ನಗು ಬರೆಯಬೇಕಾದಾಗ ಇದು ಗೊತ್ತಿದ್ದರೆ ಕೆಳಗಿನ ಹಲ್ಲು ಮಾತ್ರ ತೋರಿಸುತ್ತೀರಿ. ಆ ನಗು ಬೇರೆ ಯಾವ ಪಾತ್ರಕ್ಕೂ ಇರುವುದಿಲ್ಲ.

ಕೊನೆಗೆ ಭಾವಗಳ ಹಾಳೆ. ಖುಷಿ, ಸಿಟ್ಟು, ಹೆದರಿಕೆ, ಬೇಸರ, ಆಸೆ, ನಾಚಿಕೆ. ಪ್ರತಿಯೊಂದನ್ನೂ ಎರಡು ಸಲ ಬರೆಯಿರಿ. ಒಮ್ಮೆ ಮುಖ ಮಾತ್ರ, ಇನ್ನೊಮ್ಮೆ ಮುಖ ಖಾಲಿ ಬಿಟ್ಟು ಮೈ ಮಾತ್ರ. ಮೈ ಒಂದರಿಂದಲೇ ಭಾವ ತಿಳಿಯದಿದ್ದರೆ ಭಂಗಿ ಇನ್ನೂ ಸೊರಗಿದೆ ಅಂತ ಲೆಕ್ಕ.

ಹಂತ 7: ಮಚ್ಚೆ, ಕೂದಲು, ಗೆರೆ

ಒಂದು ಸಲ ನಾನು ಬೆಕ್ಕಿನ ಪಾತ್ರಕ್ಕೆ ಮೈಮೇಲೆ 11 ಮಚ್ಚೆ ಇಟ್ಟಿದ್ದೆ. ಮೊದಲ ಚಿತ್ರದಲ್ಲಿ ಬಹಳ ಚೆನ್ನಾಗಿತ್ತು. ಪುಸ್ತಕ ಅಚ್ಚಾಗಿ ಬಂದ ಮೇಲೆ ಓದಲು ಕೂತ ಹುಡುಗನೊಬ್ಬ ಬೆರಳಿಟ್ಟು ಎಣಿಸತೊಡಗಿದ. ಒಂದು ಪುಟದಲ್ಲಿ ಒಂಬತ್ತು, ಇನ್ನೊಂದರಲ್ಲಿ ಹನ್ನೆರಡು. "ಇದು ಬೇರೆ ಬೆಕ್ಕಾ?" ಅಂತ ಕೇಳಿದ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಈಗ ಮೂರಕ್ಕಿಂತ ಜಾಸ್ತಿ ಗುರುತು ಇಡುವುದಿಲ್ಲ, ಒಂದೊಂದಕ್ಕೂ ವಿಳಾಸ ಇರುತ್ತದೆ. ಮೇಕೆಗೆ ಎಡಗಣ್ಣ ಸುತ್ತ ಒಂದು, ಹಿಂಭಾಗದಲ್ಲಿ ಒಂದು, ಬಲ ಮುಂಗಾಲಿಗೆ ಕಾಲುಚೀಲ ಹಾಕಿದ ಹಾಗೆ ಒಂದು. ಕಂಪ್ಯೂಟರಿನಲ್ಲಿ ಬರೆಯುವವರು ಇನ್ನೊಂದು ಹುಷಾರಿನಲ್ಲಿ ಇರಬೇಕು. ಎಡಕ್ಕೆ ಓಡುವ ಮೇಕೆ ಬೇಕೆಂದು ಚಿತ್ರವನ್ನು ಮಗುಚಿದರೆ ಎಡಗಣ್ಣಿನ ಮಚ್ಚೆ ಬಲಗಣ್ಣಿಗೆ ಹೋಗುತ್ತದೆ. ನಮಗೆ ಕಾಣುವುದಿಲ್ಲ, ಮಕ್ಕಳಿಗೆ ಮೊದಲು ಕಾಣುವುದೇ ಅದು.

ಕೂದಲನ್ನು ಮೈತುಂಬ ಬರೆಯಬೇಡಿ. ಗಲ್ಲ, ಎದೆ, ಬೆನ್ನ ತುದಿ ಹೀಗೆ ಎರಡು ಮೂರು ಕಡೆ ಅಂಚಿನಲ್ಲಿ ಗೆರೆ ಒಡೆದರೆ ಸಾಕು, ಉಳಿದದ್ದನ್ನು ಕಣ್ಣೇ ತುಂಬಿಕೊಳ್ಳುತ್ತದೆ. ದೂರದಲ್ಲಿ ಸಣ್ಣದಾಗಿ ಕಾಣುವ ಮೇಕೆ ಬೇಕಾದರೆ ದೊಡ್ಡ ಚಿತ್ರವನ್ನು ಕುಗ್ಗಿಸಬೇಡಿ, ಗೆರೆ ದಾರದಷ್ಟು ತೆಳುವಾಗಿ ಬೇರೆ ಪುಸ್ತಕದಿಂದ ತಂದ ಹಾಗೆ ಕಾಣುತ್ತದೆ. ಅದೇ ಪೆನ್ನಿನಲ್ಲಿ ಹೊಸದಾಗಿ, ವಿವರ ಕಡಿಮೆ ಮಾಡಿ ಬರೆಯಿರಿ.

ಕೈ ಮತ್ತು ಬಟ್ಟೆ ಬೇಕೋ ಬೇಡವೋ ಅನ್ನುವುದು ಕಥೆಗೆ ಬಿಟ್ಟದ್ದು. ಗೊರಸಿಗೆ ಬೆರಳು ಮೂಡಿಸುವ ಮುಂಚೆ ಒಮ್ಮೆ ಯೋಚಿಸಿ. ನನ್ನ ಮೇಕೆ ಪೆನ್ಸಿಲ್ಲನ್ನೂ ಕೊಡೆಯನ್ನೂ ತುಟಿಯಲ್ಲೇ ಹಿಡಿಯುತ್ತದೆ. ಟಿಪ್ಪಣಿಯಲ್ಲಿ ಮೇಲ್ದುಟಿ ಬೆರಳಿನ ಹಾಗೆ ಅಂತ ಬರೆದಿಟ್ಟಿದ್ದು ಇಲ್ಲಿ ಉಪಯೋಗಕ್ಕೆ ಬಂತು.

ಹಂತ 8: ಪುಟಕ್ಕೆ ಇಳಿಸುವ ಮುಂಚೆ

ಒಂದು ಹಾಳೆಯಲ್ಲಿ ಪಾತ್ರವನ್ನು ಎದುರು, ಮುಕ್ಕಾಲು, ಪಕ್ಕ, ಹಿಂದೆ ಹೀಗೆ ನಾಲ್ಕು ಕಡೆಯಿಂದ ಒಂದೇ ಎತ್ತರಕ್ಕೆ ಬರೆಯಿರಿ. ಕಣ್ಣು, ಭುಜ, ಹಿಮ್ಮಡಿಯ ಮಟ್ಟಕ್ಕೆ ಅಡ್ಡ ಗೆರೆ ಎಳೆದು ನಾಲ್ಕರಲ್ಲೂ ತಾಳೆ ನೋಡಿ. ಎರಡನೇ ಹಂತದ ಕೆಂಪು ಚುಕ್ಕಿಗಳನ್ನು ಇಲ್ಲಿಯೂ ಇಡಿ. ಈ ಹಾಳೆ ಕೆಲಸ ಮುಗಿಯುವವರೆಗೆ ಕಣ್ಣೆದುರು ಗೋಡೆಯ ಮೇಲಿರಲಿ.

ಆಮೇಲೆ ಪಾತ್ರವನ್ನು 2 ಸೆಂಟಿಮೀಟರ್ ಎತ್ತರಕ್ಕೆ ಬರೆದು ಪೂರ್ತಿ ಕಪ್ಪು ತುಂಬಿಸಿ. ಕಿವಿ, ಬಾಲ, ಗಡ್ಡ ಹೊರಗೆ ಕಾಣುತ್ತಿವೆಯಾ? ಮೈಯೊಳಗೆ ಹುದುಗಿಹೋಗಿದ್ದರೆ ಭಂಗಿ ಬದಲಿಸಿ. ಬಣ್ಣ ಹಾಕಿದ ಮೇಲೆ ಒಮ್ಮೆ ಕಪ್ಪುಬಿಳುಪಿಗೆ ತಿರುಗಿಸಿಯೂ ನೋಡಿ. ಹಸಿರು ಪೊದೆಯ ಮುಂದೆ ಕಂದು ಮೇಕೆ ಬಣ್ಣದಲ್ಲಿ ಚೆನ್ನಾಗಿ ಕಂಡು, ಬೂದುಬಣ್ಣದಲ್ಲಿ ಪೂರ್ತಿ ಕರಗಿಹೋಗುವುದುಂಟು.

ಅಚ್ಚಿನ ಲೆಕ್ಕ ಸ್ವಲ್ಪ. ಚಿತ್ರಪುಸ್ತಕಗಳು ಸಾಮಾನ್ಯವಾಗಿ 32 ಪುಟ. ದೊಡ್ಡ ಹಾಳೆಯನ್ನು ಮಡಚಿ ಕತ್ತರಿಸುವುದರಿಂದ ಪುಟಗಳು 8 ಅಥವಾ 16ರ ಲೆಕ್ಕದಲ್ಲಿ ಬರುತ್ತವೆ. ಶೀರ್ಷಿಕೆ ಪುಟಗಳೆಲ್ಲ ಕಳೆದರೆ ಕಥೆಗೆ 12ರಿಂದ 14 ಜೋಡಿಪುಟ ಉಳಿಯುತ್ತವೆ. ಪಾತ್ರದ ಮುಖ ಎರಡು ಪುಟ ಸೇರುವ ಮಡಿಕೆಗೆ ಬೀಳಬಾರದು, ಅಲ್ಲಿ ಕಣ್ಣೊಂದು ನುಂಗಿಹೋಗುತ್ತದೆ. ಅಂಚಿನವರೆಗೆ ಹೋಗುವ ಚಿತ್ರಕ್ಕೆ ಸುತ್ತಲೂ 3 ಮಿಲಿಮೀಟರ್ ಹೆಚ್ಚುವರಿ ಬಿಡಿ, ಕತ್ತರಿಸುವಾಗ ಬೇಕಾಗುತ್ತದೆ. ಸ್ಕ್ಯಾನ್ ಮಾಡುವುದಾದರೆ 300 ಡಿಪಿಐಗಿಂತ (ಒಂದು ಇಂಚಿಗೆ ಎಷ್ಟು ಚುಕ್ಕಿ ಅನ್ನುವ ಅಳತೆ) ಕಡಿಮೆ ಬೇಡ. ಪರದೆಯ ಮೇಲೆ ಹೊಳೆಯುವ ಹಸಿರು, ಕಿತ್ತಳೆ ಬಣ್ಣಗಳು ಸಿಎಂವೈಕೆ ಅಚ್ಚಿನಲ್ಲಿ, ಅಂದರೆ ನಾಲ್ಕು ಶಾಯಿ ಬೆರೆಸುವ ಮಾಮೂಲಿ ಬಣ್ಣದ ಅಚ್ಚಿನಲ್ಲಿ, ಮಂಕಾಗುತ್ತವೆ. ಪಾತ್ರದ ಮುಖ್ಯ ಬಣ್ಣವನ್ನು ಮೊದಲೇ ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿ ನೋಡುವುದು ಒಳ್ಳೆಯದು. ನಾವು ಎಡದಿಂದ ಬಲಕ್ಕೆ ಓದುವವರು. ಬಲಕ್ಕೆ ಓಡುವ ಪಾತ್ರ ಮುಂದಿನ ಪುಟಕ್ಕೆ ಹೊರಟ ಹಾಗೆ ಕಾಣುತ್ತದೆ, ಎಡಕ್ಕೆ ಓಡಿದರೆ ವಾಪಸ್ ಬಂದ ಹಾಗೆ.

ಹಂತ 9: ಎರಡು ಪ್ರಶ್ನೆ

ಬಣ್ಣ ಶುರು ಮಾಡುವ ಮುಂಚೆ ಪೆನ್ಸಿಲ್ ಚಿತ್ರವನ್ನು ಒಂದು ಮಗುವಿಗೆ ತೋರಿಸಿ. ಹೆಸರು, ಕಥೆ ಏನೂ ಹೇಳಬೇಡಿ. ಮೊದಲ ಪ್ರಶ್ನೆ: "ಇದು ಏನು?" ಉತ್ತರ ತಪ್ಪಾದರೆ ಮೂರನೇ ಹಂತಕ್ಕೆ ವಾಪಸ್. ಎರಡನೇ ಪ್ರಶ್ನೆ: "ಇದಕ್ಕೆ ಏನು ಬೇಕಂತೆ?"

ನಾನು ತೋರಿಸಿದ್ದು ಅದೇ ಪಕ್ಕದ ಮನೆಯ ಹುಡುಗಿಗೆ. ಹಾಳೆಯ ಕೆಳಗಿನ ಮೂಲೆಯಲ್ಲಿ ಮೇಕೆ ಹಿಂಗಾಲ ಮೇಲೆ ನಿಂತು ಕತ್ತು ಚಾಚಿತ್ತು. ಮೇಲೆ ಮರ, ಕೊಂಬೆ ಏನೂ ಬರೆದಿರಲಿಲ್ಲ. "ಮೇಕೆ" ಅಂದಳು. ಎರಡನೆಯದಕ್ಕೆ ಮಾತೇ ಆಡಲಿಲ್ಲ. ಮೇಕೆಯ ಮೂಗಿನಿಂದ ಬೆರಳಿಟ್ಟು ಖಾಲಿ ಹಾಳೆಯ ಮೇಲೆ ಸೀದಾ ಮೇಲಕ್ಕೆ ಎಳೆದುಕೊಂಡು ಹೋಗಿ, ಹಾಳೆ ಮುಗಿದ ಮೇಲೂ ಗಾಳಿಯಲ್ಲಿ ಸ್ವಲ್ಪ ದೂರ ಎಳೆದು, "ಅಲ್ಲಿರೋದು" ಅಂದಳು. ಆ ಪುಟಕ್ಕೆ ಮರ ಬರೆಯುವ ಯೋಚನೆ ಇತ್ತು. ಬರೆಯಲಿಲ್ಲ.